ಅಪ್‌ಡೇಟ್: ಓಕ್ಲೆಂಡ್‌ನಿಂದ ಮಿನಿಯಾಪೊಲಿಸ್‌ಗೆ ಬಂದ ಮೇಲೆ

ಕ್ಯಾಲಿಫೋರ್ನಿಯಾದ ಕಡಲತೀರ ಬಿಟ್ಟು ಉತ್ತರದ ಮಿನ್ನೆಸೋಟ ರಾಜ್ಯದ ಮಿನಿಯಾಪೊಲಿಸ್‌ಗೆ ಹೋದರೆ ನಾವು ಒಂಟಿಯಾಗುತ್ತೇವೆಯೇ, ಸಸ್ಯಾಹಾರಿಗಳಿಗೆ ಅಲ್ಲಿ ಊಟಕ್ಕೆ ಏನು ಗತಿ ಎಂದು ಕಳೆದ ವರ್ಷ ನಿಮ್ಮನ್ನು ಕೇಳಿದ್ದೆ. ಈಗ ಒಂದು ಚಳಿಗಾಲ ಕಳೆದಿದೆ.

ಊಟದ ಚಿಂತೆ ಬಹುಮಟ್ಟಿಗೆ ಸುಳ್ಳಾಯಿತು. ತೊಗರಿಬೇಳೆ, ಕರಿಬೇವು ಸಿಗುತ್ತವೆ. ಹತ್ತಿರದ ಉಪನಗರ ಮೇಪಲ್ ಗ್ರೋವ್‌ನಲ್ಲಿ ದೊಡ್ಡ ಹಿಂದೂ ದೇವಸ್ಥಾನವಿದೆ. ಅಮೆರಿಕದ ಅತಿ ದೊಡ್ಡ ಸೊಮಾಲಿ ಸಮುದಾಯ ಈ ಊರಿನ ಸುತ್ತಲೇ ನೆಲೆಸಿರುವುದರಿಂದ ನಮ್ಮ ಸಮೋಸಾದ ನೆಂಟನಾದ ಸಂಬೂಸವೂ ಸಿಗುತ್ತದೆ. ಚಳಿಯಂತೂ ನೀವು ಹೇಳಿದಷ್ಟೇ ಇತ್ತು.

ನಾನು ಊಹಿಸದಿದ್ದದ್ದು ಇಲ್ಲಿಯವರ ಮಾತಿನ ವರಸೆಯನ್ನು. ಮೊದಲ ಹಿಮ ಬಿದ್ದ ಬೆಳಿಗ್ಗೆ, ನಾವು ಏಳುವಷ್ಟರಲ್ಲಿ, ಪಕ್ಕದ ಮನೆಯ ಹಿರಿಯರು ತಮ್ಮ ಯಂತ್ರದಿಂದ ನಮ್ಮ ಡ್ರೈವ್‌ವೇಯನ್ನೂ ತೆರವುಗೊಳಿಸಿ, ಕೈಬೀಸಿ ಒಳಗೆ ಹೋಗಿಬಿಟ್ಟಿದ್ದರು. ಕೃತಜ್ಞತೆಗೆಂದು ಒಯ್ದ ಬಿಸಿಬೇಳೆಬಾತನ್ನು ಒಂದು ಚಮಚ ತಿಂದು, ‘ಇದು ಬೇರೆ ಥರ ಇದೆ’ ಎಂದರು. ಅದು ಹೊಗಳಿಕೆಯಲ್ಲವೆಂದು ಸಹೋದ್ಯೋಗಿಯೊಬ್ಬರು ತಿಳಿಸುವವರೆಗೆ ನಾವು ಹಿಗ್ಗಿಕೊಂಡೇ ಇದ್ದೆವು. ನೆರವಿಗೆ ತಡಮಾಡದ ಈ ಜನ ಮನೆಯೊಳಕ್ಕೆ ಕರೆಯಲು ತಡಮಾಡುತ್ತಾರೆಂಬ ನಿಮ್ಮ ಎಚ್ಚರಿಕೆ ನಿಜವಾಯಿತು. ಐದು ತಿಂಗಳ ಬಳಿಕ ಅವರಲ್ಲಿಗೆ ಊಟಕ್ಕೆ ಹೋದಾಗ, ನಮಗಾಗಿಯೇ ಮಾಂಸ ಬಿಟ್ಟು ಮಾಡಿದ ಹಾಟ್‌ಡಿಶ್‌ನ (ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಓವನ್‌ನಲ್ಲಿ ಬೇಯಿಸುವ ಇಲ್ಲಿನ ಅಡುಗೆ) ಮೇಲೆ ತುರಿದ ಆಲೂಗಡ್ಡೆಯ ಪುಟ್ಟ ಉಂಡೆಗಳಾದ ಟೇಟರ್ ಟಾಟ್‌ಗಳು ಸಾಲಾಗಿ ಕುಳಿತಿದ್ದವು. ಉಪ್ಪಿನಕಾಯಿಯನ್ನು ಮಾತ್ರ ನಾವೇ ಒಯ್ದಿದ್ದೆವು.