ಅನ್ನನಾಳಕ್ಕೆ ಬ್ಯಾಂಡ್ ಹಾಕಿದ ಮೇಲೆ ಎದೆನೋವು, ಇದು ಮಾಮೂಲಾ?

ಬೈಂದೂರಿನಿಂದ ಮಗ:
ಅಪ್ಪನಿಗೆ ಲಿವರ್ ಸಿರೋಸಿಸ್. ಕುಡಿದವರಲ್ಲ, ಶುಗರ್ ಮತ್ತು ಫ್ಯಾಟಿ ಲಿವರ್‌ನಿಂದ ಬಂದದ್ದು. ಅನ್ನನಾಳದ ನರ, ಅಂದರೆ ರಕ್ತನಾಳ, ಉಬ್ಬಿದೆ ಎಂದು ಮೊನ್ನೆ ಎಂಡೋಸ್ಕೋಪಿ ಮಾಡಿ ಬ್ಯಾಂಡ್ ಹಾಕಿದರು. ಈಗ ಗಂಜಿ ನುಂಗಿದರೂ ಎದೆಯ ನಡುವೆ ನೋವು, ಏನೋ ಸಿಕ್ಕಿಕೊಂಡ ಹಾಗೆ ಆಗುತ್ತದಂತೆ. ಮಣಿಪಾಲ ಇಲ್ಲಿಂದ 60 ಕಿಲೋಮೀಟರ್‌ಗಿಂತ ಜಾಸ್ತಿ, ಅದಕ್ಕೇ ಹೆದರಿಕೆ. ಅಮ್ಮನಿಗೆ ರಾತ್ರಿ ನಿದ್ದೆಯೇ ಇಲ್ಲ.

ಕದ್ರಿಯ ಅಕ್ಕ:
ನಮ್ಮ ಅಮ್ಮನಿಗೂ ಹೀಗೇ ಆಗಿತ್ತು, ಕೆಲವು ದಿನದಲ್ಲಿ ಕಡಿಮೆಯಾಯಿತು. ಕುಚ್ಚಲಕ್ಕಿ ಗಂಜಿಯನ್ನು ಚೆನ್ನಾಗಿ ಬೇಯಿಸಿ, ಆರಿಸಿ ಕೊಡಿ. ಕೋರಿರೊಟ್ಟಿ, ಮುಳ್ಳಿನ ಮೀನು, ಖಾರ ಸದ್ಯಕ್ಕೆ ಬೇಡವೇ ಬೇಡ. ಇನ್ನೊಂದು, ನೋವು ಅಂತ ಮೆಡಿಕಲ್‌ನಿಂದ ಡೈಕ್ಲೋಫೆನಾಕ್, ಬ್ರುಫೆನ್ ತಂದು ಕೊಡಬೇಡಿ ಮಾರಾಯ್ರೆ. ಲಿವರ್ ಕೆಟ್ಟವರಿಗೆ ಅವುಗಳಿಂದ ಕಿಡ್ನಿಗೂ ತೊಂದರೆ, ರಕ್ತಸ್ರಾವವೂ ಆಗಬಹುದು. ಪ್ಯಾರಸಿಟಮಾಲ್ ಎಷ್ಟು ಕೊಡಬಹುದು ಅಂತ ಡಾಕ್ಟರ್ ಹತ್ತಿರ ಕೇಳಿ.

ಎಂಡೋಸ್ಕೋಪಿ ವಿಭಾಗದ ನರ್ಸ್, ಉಡುಪಿ:
ಮೊದಲ ದಿನಗಳ ನೋವು, ನುಂಗಲು ಕಷ್ಟ, ಇದು ತುಂಬ ಜನರಿಗೆ ಆಗುತ್ತದೆ. ನೀರೂ ಇಳಿಯದಿದ್ದರೆ, ನೋವು ಏರುತ್ತಲೇ ಹೋದರೆ, ಜ್ವರ ಬಂದರೆ ಮಾತ್ರ ಕಾಯಬೇಡಿ.

ನಾನು ಹೇಳಬೇಕಾದದ್ದು ಬೇರೆ. ಆ ರಬ್ಬರ್ ಬ್ಯಾಂಡ್ ಉಬ್ಬಿದ ನರವನ್ನು ಹಿಸುಕಿ ಹಿಡಿಯುತ್ತದೆ, ಅಷ್ಟು ಭಾಗ ಸತ್ತು ಬ್ಯಾಂಡ್ ಸಮೇತ ಉದುರುತ್ತದೆ, ಅಲ್ಲಿ ಹುಣ್ಣು ಉಳಿಯುತ್ತದೆ. ಆ ಹುಣ್ಣಿನಿಂದ ರಕ್ತ ಬರುವುದೇ ದೊಡ್ಡ ತೊಂದರೆ, ಸಾಮಾನ್ಯವಾಗಿ 5ರಿಂದ 14 ದಿನದೊಳಗೆ. ಎಲ್ಲರಿಗೂ ಆಗುವುದಿಲ್ಲ, ಲಿವರ್ ಜಾಸ್ತಿ ಕೆಟ್ಟವರಿಗೆ ಅಪಾಯ ಜಾಸ್ತಿ. ನೋವು ಹೋಯಿತು, ಇನ್ನು ಭಯವಿಲ್ಲ ಅಂತ ಮನೆಯವರು ನಿರಾಳವಾಗುವುದು ಸರಿಯಾಗಿ ಅದೇ ಹೊತ್ತಿಗೆ, ಹಾಗಾಗಿ ಈ ಎರಡು ವಾರ ದೂರದ ಮದುವೆ, ಯಾತ್ರೆ ಎಲ್ಲ ಬಿಡಿ.

ರಕ್ತವಾಂತಿ, ಕಾಫಿಪುಡಿ ಬಣ್ಣದ ವಾಂತಿ, ಟಾರಿನಂಥ ಕಪ್ಪು ಮಲ, ತಲೆಸುತ್ತಿ ಬೆವರುವುದು, ಮಾತು ತಡವರಿಸಿ ಗೊಂದಲವಾಗುವುದು, ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ. ವಾಂತಿ ಆಗುತ್ತಿದ್ದರೆ ಮಗ್ಗುಲಾಗಿ ಮಲಗಿಸಿ.

ಬೈಂದೂರಿನಿಂದ ಮಗ:
ತುಂಬ ಧನ್ಯವಾದ ಸಿಸ್ಟರ್. ಅಪ್ಪ ಕಬ್ಬಿಣದ ಮಾತ್ರೆ ತೆಗೆದುಕೊಳ್ಳುತ್ತಾರೆ, ಮಲ ಹೇಗೂ ಕಪ್ಪೇ. ಗೊತ್ತಾಗುವುದು ಹೇಗೆ? ಕಾರ್ವೆಡಿಲಾಲ್ ಕೂಡ ಕೊಟ್ಟಿದ್ದಾರೆ.

ಎಂಡೋಸ್ಕೋಪಿ ವಿಭಾಗದ ನರ್ಸ್, ಉಡುಪಿ:
ರಕ್ತ ಸೇರಿದ ಮಲ ಅಂಟಂಟಾಗಿ, ಹೊಳೆಯುವ ಹಾಗೆ ಇರುತ್ತದೆ, ವಾಸನೆ ತಡೆಯಲು ಆಗುವುದಿಲ್ಲ. ಕಬ್ಬಿಣದ ಮಾತ್ರೆಯಿಂದ ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ಆದರೂ ಅನುಮಾನ ಬಂದರೆ ಮನೆಯಲ್ಲೇ ತೀರ್ಮಾನ ಮಾಡಬೇಡಿ, ತೋರಿಸಿಬಿಡಿ. ಕಾರ್ವೆಡಿಲಾಲ್ ನರದೊಳಗಿನ ಒತ್ತಡ ಇಳಿಸುವ ಮಾತ್ರೆ, ಸುಮ್ನೆ ನಿಲ್ಲಿಸಬಾರದು. ಬಿಪಿ ತೀರಾ ಇಳಿದರೆ ಡಾಕ್ಟರ್‌ಗೆ ಹೇಳಿ. ಮುಂದಿನ ಬ್ಯಾಂಡಿಂಗ್ ತಾರೀಖನ್ನೂ ತಪ್ಪಿಸಬೇಡಿ, ಒಂದೇ ಸಲಕ್ಕೆ ಎಲ್ಲ ನರ ಮುಚ್ಚುವುದು ಕಡಿಮೆ. ಡಿಸ್ಚಾರ್ಜ್ ಕಾಗದದ ಫೋಟೋ ಅಮ್ಮನ ಫೋನಿನಲ್ಲೂ ಇರಲಿ. ರಾತ್ರಿ ಕುಂದಾಪುರದಲ್ಲೇ ಮೊದಲು ತೋರಿಸಬೇಕಾಗಿ ಬಂದರೆ, ಬ್ಯಾಂಡ್ ಯಾವತ್ತು ಹಾಕಿದ್ದು ಅಂತ ಅಲ್ಲಿಯ ಡಾಕ್ಟರ್ ಕೇಳುತ್ತಾರೆ.