ಕೌದಿ ಹೊಲಿಯಲು ದುಬಾರಿ ಮಷಿನ್ ಬೇಕಾ? ಹೊಲಿದವರು ಹೇಳಿ

ಪ್ರಶ್ನೆ, ಬೆಂಗಳೂರಿನಿಂದ
ಮನೆಯಲ್ಲಿ ಅಮ್ಮನ ತುಳಿಯುವ ಮಷಿನ್ ಇದೆ. ನೇರ ಹೊಲಿಗೆ ಬಿಟ್ಟರೆ ಬೇರೇನೂ ಬರುವುದಿಲ್ಲ. ಅಮ್ಮನ ಕಾಟನ್ ಸೀರೆಗಳಲ್ಲಿ ಮಗಳಿಗೆ ಒಂದು ಕೌದಿ ಮಾಡುವ ಆಸೆ. ಅಂಗಡಿಯವರು ಕಂಪ್ಯೂಟರ್ ಮಷಿನ್ ಇಲ್ಲದೆ ಆಗಲ್ಲ ಅಂದರು. 60 ಸಾವಿರವಂತೆ. ನಿಜವಾಗಿ ಬೇಕಾ?

ಧಾರವಾಡದಿಂದ
ಬೇಡ ತಂಗಿ, ಆ ದುಡ್ಡು ಉಳಿಸಿಕೊಳ್ಳಿ. ನಮ್ಮ ಕಡೆ ಕೌದಿಗೆ ಮಷಿನ್ನೇ ಬೇಡ. ನಮ್ಮವ್ವ ಮಧ್ಯಾಹ್ನ ಊಟ ಆದ ಮೇಲೆ ಪಡಸಾಲೆಯಲ್ಲಿ ಹಳೆ ಸೀರೆ, ಧೋತರ ಹಾಸಿ ಕೂರುತ್ತಿದ್ದಳು. ಓಣಿಯ ಇಬ್ಬರು ಮೂವರು ಬಂದು ಒಂದೊಂದು ಮೂಲೆ ಹಿಡಿಯುತ್ತಿದ್ದರು. ನನ್ನ ಮಗ ಹುಟ್ಟಿದಾಗ ಅವಳು ಹೊಲಿದದ್ದು ಇನ್ನೂ ಗಟ್ಟಿ ಇದೆ. ಅವನಿಗೀಗ 22.

ನನಗೆ ಬೆರಳು ನೋವು, ಅದಕ್ಕೆ ಮಷಿನ್‌ನಲ್ಲಿ ಹೊಲಿಯುತ್ತೇನೆ. ಅದೂ ಹಳೆಯ ಕಪ್ಪು ಮಷಿನ್ನೇ. ನನ್ನ ಮೊದಲ ಕೌದಿ ಕೆಟ್ಟಿತು, ಆದರೆ ತಪ್ಪು ಮಷಿನ್ನದಲ್ಲ. ಹೊಸ ಕೆಂಪು ಬಟ್ಟೆಯನ್ನು ತೊಳೆಯದೆ ಹಾಗೇ ಸೇರಿಸಿದ್ದೆ. ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು, ಕುಗ್ಗಿ ಸುತ್ತಲಿನ ಸೀರೆಯನ್ನೆಲ್ಲ ಎಳೆದುಕೊಂಡಿತು. ಎಷ್ಟು ಅತ್ತೆನೋ! ಹಾಗಾಗಿ ಎಲ್ಲವನ್ನೂ ಮೊದಲು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ. ಸೀರೆಯನ್ನು ಬೆಳಕಿಗೆ ಹಿಡಿದು ನೋಡಿ. ಸವೆದ ಜಾಗ ಜಾಳಾಗಿ ಕಾಣುತ್ತದೆ, ಅದನ್ನು ಮೇಲ್ಪದರಕ್ಕೆ ಬಳಸಬೇಡಿ.

ಇನ್ನೊಂದು ಮಾತು. ತುಂಡು ಜೋಡಿಸುವಾಗ ಅಂಚಿನಿಂದ ಕಾಲಿಂಚು ಬಿಟ್ಟು ಹೊಲಿಯುತ್ತೇವಲ್ವಾ? ಅದು ಪ್ರತಿ ಸಲ ಒಂದು ಇಂಚಿನ ಹದಿನಾರನೇ ಒಂದು ಪಾಲು ಜಾಸ್ತಿಯಾದರೂ ತುಂಡಿನ ಎರಡೂ ಬದಿ ಸೇರಿ ಎಂಟನೇ ಒಂದು ಪಾಲು ಹೋಯಿತು. 8 ತುಂಡಿಗೆ ಒಂದು ಇಂಚು! ಮೂಲೆಗೆ ಮೂಲೆ ಕೂಡದಿರುವುದು ಇದಕ್ಕೇ. ಸೂಜಿಯಿಂದ ಕಾಲಿಂಚು ಅಳೆದು ಮಷಿನ್ ತಟ್ಟೆಯ ಮೇಲೆ ಒಂದು ಟೇಪ್ ಅಂಟಿಸಿ. ಬಟ್ಟೆಯ ಅಂಚು ಅದನ್ನು ತಾಗಿಕೊಂಡೇ ಹೋಗಲಿ.

ಮೈಸೂರಿನಿಂದ, ಟೈಲರ್
ಅಮ್ಮನ ಮಷಿನ್ ಕಬ್ಬಿಣದ್ದು, ದಪ್ಪಕ್ಕೆ ಹೆದರುವುದಿಲ್ಲ. ಎಣ್ಣೆ ಬಿಡಿ, ಹೊಸ ಸೂಜಿ ಹಾಕಿ. ತುಂಡು ಜೋಡಿಸಲು 14 ನಂಬರ್, ಪದರಗಳನ್ನು ಸೇರಿಸಿ ಹೊಲಿಯಲು 16. ಹೊಲಿಗೆ ಸ್ವಲ್ಪ ಉದ್ದಕ್ಕೆ ಇಟ್ಟುಕೊಳ್ಳಿ. ಮಷಿನ್‌ನ ಹಲ್ಲು ಕೆಳಗಿನ ಪದರವನ್ನು ಎಳೆದುಕೊಳ್ಳುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ನೆರಿಗೆ ಬೀಳುವುದು ಹೀಗೆ. ಅದಕ್ಕೆ ಮೊದಲು ನಾಲ್ಕು ನಾಲ್ಕು ಬೆರಳಿಗೊಂದರಂತೆ ಕಚ್ಚಾ ಹೊಲಿಗೆ ಹಾಕಿ, ಆಮೇಲೆ ನಡುವಿನಿಂದ ಹೊರಕ್ಕೆ ಹೊಲಿಯುತ್ತಾ ಬನ್ನಿ. ಬಟ್ಟೆಯನ್ನು ಹಿಂದಿನಿಂದ ಜಗ್ಗಬೇಡಿ, ಸೂಜಿ ಮುರಿಯುತ್ತದೆ.

ಯಲ್ಲಾಪುರದಿಂದ
ನಮ್ಮ ಕಡೆ, ಹಳಿಯಾಳದಲ್ಲೂ, ಸಿದ್ದಿ ಹೆಂಗಸರು ಕೌದಿಯನ್ನು ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ತುಂಡು ಕೂಡಿಸುವುದೂ ಪದರ ಹಿಡಿಸುವುದೂ ಒಂದೇ ಕೈಹೊಲಿಗೆಯಲ್ಲಿ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ. ಒಮ್ಮೆ ಹತ್ತಿರ ಕೂತು ನೋಡಿ, ಕಣ್ಣು ತುಂಬುತ್ತದೆ.

ಹ್ಯೂಸ್ಟನ್‌ನಿಂದ
ಇಲ್ಲಿ ನನ್ನ ಹೊಲಿಗೆ ಗೆಳತಿಯರಲ್ಲಿ ದುಬಾರಿ ಮಷಿನ್ ಇರುವವರೂ ಸಿಂಗರ್ ಫೆದರ್‌ವೇಟ್ ಅನ್ನು ಹುಡುಕಿ ಕೊಳ್ಳುತ್ತಾರೆ. 1933ರಲ್ಲಿ ಬಂದ ಮಾದರಿ, ತೂಕ ಸುಮಾರು 5 ಕೆಜಿ, ಬರುವುದು ನೇರ ಹೊಲಿಗೆ ಮಾತ್ರ! ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹೊಲದಲ್ಲಿ ಹಾಕಿ ಸವೆದ ಬಟ್ಟೆಗಳಲ್ಲಿ ಹೊಲಿದ ಕೌದಿಗಳು 2002ರಲ್ಲಿ ನಮ್ಮೂರಿನ ಮ್ಯೂಸಿಯಂ ಗೋಡೆ ಏರಿದವು. 2006ರಲ್ಲಿ ಅಮೆರಿಕದ ಅಂಚೆಚೀಟಿಯಾದವು.

ಆದರೂ ಒಂದು ವಿಷಯ ಹೇಳಲೇಬೇಕು. ದೊಡ್ಡವರ ಜೋಡಿ ಹಾಸಿಗೆಯ ಅಳತೆಗೆ ಹೊಲಿದಾಗ, ಸೂಜಿಗೂ ಮಷಿನ್‌ನ ಕಂಬಕ್ಕೂ ನಡುವಿನ 7 ಇಂಚು ಸಂದಿಯಲ್ಲಿ ಅಷ್ಟು ದೊಡ್ಡ ಸುರುಳಿ ತುರುಕಿ ತುರುಕಿ ನನ್ನ ಭುಜ ಹಿಡಿದುಕೊಂಡಿತು. ವರ್ಷಕ್ಕೆ ನಾಲ್ಕೈದು ದೊಡ್ಡವು ಮಾಡುವವರಿಗೆ ಸಂದಿ ಅಗಲ ಇರುವ ಮಷಿನ್ ಕೊಳ್ಳುವುದು ಸರಿ. ಮಗುವಿನ ಕೌದಿಗೆ ಖಂಡಿತ ಬೇಡ.

ಪ್ರಶ್ನೆ ಕೇಳಿದವರು
ಸೀರೆ ನೆನೆಸಿದ್ದೇನೆ ಅಕ್ಕ. ಬೆಳಕಿಗೆ ಹಿಡಿದೂ ನೋಡಿದೆ. ಮೂರು ಗಟ್ಟಿ ಇವೆ. ಅಮ್ಮ ದಿನಾ ಉಡುತ್ತಿದ್ದ ನೀಲಿಯದು ಪೂರ್ತಿ ಸವೆದಿದೆ, ಸೆರಗು ಮಾತ್ರ ಚೆನ್ನಾಗಿದೆ. ಅದನ್ನು ನಡುವಿಗೆ ಇಡುತ್ತೇನೆ. ನಾಳೆ ಮಷಿನ್‌ಗೆ ಹೊಸ ಬೆಲ್ಟ್ ತರಬೇಕು.