ಸ್ವಂತ ಸಿಬ್ಬಂದಿ ಇಲ್ಲದೆ ಆಯೋಗ ಲೋಕಸಭಾ ಚುನಾವಣೆ ನಡೆಸುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ಲೋಕಸಭಾ ಚುನಾವಣೆಯನ್ನು ನಡೆಸುವುದು ಭಾರತ ಚುನಾವಣಾ ಆಯೋಗ. ಆದರೆ ಮತಗಟ್ಟೆಯಲ್ಲಿ ಕೂರುವವರು ಸರ್ಕಾರಿ ಶಾಲೆಯ ಶಿಕ್ಷಕರು, ಚುನಾವಣಾಧಿಕಾರಿಯಾಗುವವರು ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳು. ರಾಜ್ಯ ಸರ್ಕಾರದ ಸಂಬಳ ಪಡೆಯುವ ಇವರ ಮೇಲೆ ಆಯೋಗಕ್ಕೆ ಯಾವ ಹಿಡಿತವಿದೆ? ಚುನಾವಣಾ ಕರ್ತವ್ಯದಲ್ಲಿ ಅನುಭವವಿರುವ ತಾವು ದಯವಿಟ್ಟು ತಿಳಿಸಿಕೊಡಿ.

ಉತ್ತರ: ಸಂವಿಧಾನದ 324ನೇ ವಿಧಿಯು ಚುನಾವಣೆಯ ಮೇಲ್ವಿಚಾರಣೆ, ನಿರ್ದೇಶನ ಮತ್ತು ನಿಯಂತ್ರಣವನ್ನು ಆಯೋಗಕ್ಕೆ ವಹಿಸಿದೆ, ಆಯೋಗ ಕೇಳಿದಾಗ ಸಿಬ್ಬಂದಿ ಒದಗಿಸಬೇಕೆಂದೂ ಅದೇ ವಿಧಿ ಹೇಳುತ್ತದೆ. 2024ರಲ್ಲಿ ಸುಮಾರು 97 ಕೋಟಿ ಮತದಾರರಿಗಾಗಿ ಹತ್ತು ಲಕ್ಷಕ್ಕೂ ಹೆಚ್ಚು ಮತಗಟ್ಟೆಗಳಿದ್ದವು; ಅಷ್ಟು ಮತಗಟ್ಟೆಗಳಿಗೆ ಬೇಕಾದ ಸಿಬ್ಬಂದಿಯನ್ನು ಐದು ವರ್ಷವೂ ಸಂಬಳ ಕೊಟ್ಟು ಇಟ್ಟುಕೊಳ್ಳುವುದು ಯಾವ ಸಂಸ್ಥೆಗೂ ಆಗದ ಮಾತು. ಹಾಗಾಗಿ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 28ಎ ಕಲಮಿನ ಪ್ರಕಾರ, ಅಧಿಸೂಚನೆ ಹೊರಬಿದ್ದ ದಿನದಿಂದ ಫಲಿತಾಂಶ ಘೋಷಣೆಯಾಗುವವರೆಗೆ ಈ ನೌಕರರು ಆಯೋಗಕ್ಕೆ ನಿಯೋಜನೆಗೊಂಡವರೆಂದು ಪರಿಗಣಿತರಾಗುತ್ತಾರೆ, ಶಿಸ್ತಿನ ವಿಷಯದಲ್ಲೂ ಅದರ ಅಧೀನದಲ್ಲಿರುತ್ತಾರೆ. ಯಾವ ತಂಡ ಯಾವ ಮತಗಟ್ಟೆಗೆ ಎಂಬುದನ್ನು ಗಣಕಯಂತ್ರವೇ ಯಾದೃಚ್ಛಿಕವಾಗಿ ಹಂಚುತ್ತದೆ.

ಮರುಪ್ರಶ್ನೆ: ಕಾನೂನಿನ ಹಿಡಿತ ಅರ್ಥವಾಯಿತು ಸರ್. ಆದರೂ ಮತಗಟ್ಟೆಯೊಳಗೆ ಅಧಿಕಾರಿಯ ಪ್ರಾಮಾಣಿಕತೆಯನ್ನೇ ನಂಬಬೇಕಲ್ಲವೇ?

ಉತ್ತರ: ಹಾಗೆ ನಂಬಿ ಕೂರುವ ವ್ಯವಸ್ಥೆ ಇದಲ್ಲ. ಮತದಾನ ಆರಂಭಕ್ಕೆ ಮೊದಲು ಅಭ್ಯರ್ಥಿಗಳ ಏಜೆಂಟರ ಎದುರಿನಲ್ಲಿ ಕನಿಷ್ಠ 50 ಮತಗಳ ಅಣಕು ಮತದಾನ ನಡೆಯುತ್ತದೆ; ಮತಯಂತ್ರದ ಕಂಟ್ರೋಲ್ ಯೂನಿಟ್ (ಮತಗಳನ್ನು ದಾಖಲಿಸುವ ಭಾಗ) ತೋರಿಸುವ ಫಲಿತಾಂಶವನ್ನು, ಹಾಕಿದ ಮತವನ್ನು ಕಾಗದದಲ್ಲಿ ಮುದ್ರಿಸುವ ವಿವಿಪ್ಯಾಟ್ ಯಂತ್ರದ ಚೀಟಿಗಳೊಂದಿಗೆ ತಾಳೆ ನೋಡಿ, ಆ ಮತಗಳನ್ನು ಅಳಿಸಿ, ಚೀಟಿಗಳನ್ನು ಹೊರತೆಗೆದು, ಯಂತ್ರಕ್ಕೆ ಸೀಲ್ ಹಾಕಿದ ನಂತರವೇ ನಿಜವಾದ ಮತದಾನ. ಸಂಜೆ ಕೊನೆಯ ಮತದಾರ ಮತ ಹಾಕಿದ ಮೇಲೆ ಮತಗಟ್ಟೆಯ ಮುಖ್ಯಸ್ಥರಾದ ಅಧ್ಯಕ್ಷಾಧಿಕಾರಿ ‘ಕ್ಲೋಸ್’ ಗುಂಡಿ ಒತ್ತಿ, ಚಲಾವಣೆಯಾದ ಒಟ್ಟು ಮತಗಳನ್ನು ನಮೂನೆ 17ಸಿಯಲ್ಲಿ ಬರೆದು, ಅದರ ಪ್ರತಿಯನ್ನು ಹಾಜರಿರುವ ಪ್ರತಿಯೊಬ್ಬ ಏಜೆಂಟರಿಗೂ ಕೊಟ್ಟು ಸ್ವೀಕೃತಿ ಪಡೆಯಬೇಕು. ಎಣಿಕೆಯ ದಿನ ಯಂತ್ರ ತೋರಿಸುವ ಒಟ್ಟು ಸಂಖ್ಯೆಯನ್ನು ಆ ಪ್ರತಿಯೊಂದಿಗೆ ಹೋಲಿಸಬಹುದು.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯಲ್ಲಿ ಈ ಒಂದು ಹಾಳೆಯಷ್ಟು ಬೆಲೆಯುಳ್ಳದ್ದು ಬೇರೊಂದಿಲ್ಲ. ದಣಿದ ಏಜೆಂಟರು ಅದನ್ನು ಪಡೆಯದೆ ಎದ್ದು ಹೋಗುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ನಿಮ್ಮ ಪರಿಚಯದವರು ಯಾವುದೇ ಪಕ್ಷದ ಏಜೆಂಟರಾಗಿ ಕೂರುವುದಿದ್ದರೆ, 17ಸಿ ಪ್ರತಿ ಕೈಗೆ ಬರುವವರೆಗೂ ಮತಗಟ್ಟೆ ಬಿಡಬಾರದೆಂದು ದಯವಿಟ್ಟು ಹೇಳಿ.

ಮರುಪ್ರಶ್ನೆ: ಖಂಡಿತ ಹೇಳುತ್ತೇನೆ ಸರ್. ಗ್ರಾಮ ಪಂಚಾಯಿತಿ ಚುನಾವಣೆಗೂ ಇದೇ ಆಯೋಗವೇ?

ಉತ್ತರ: ಅಲ್ಲ. ಅದು 243ಕೆ ವಿಧಿಯಡಿ ರಚನೆಯಾದ ರಾಜ್ಯ ಚುನಾವಣಾ ಆಯೋಗದ ಹೊಣೆ. ದೂರುಗಳನ್ನೂ ಅಲ್ಲಿಗೇ ಸಲ್ಲಿಸಬೇಕು.